ಮೂರು ಚೀಟಿಗಳಲ್ಲಿ ಇಲ್ಲದ ಹೆಸರು



ಪೇಟೆಗೆ ಹೋಗುವ ದಿನ ನೀವೂ ಚೀಟಿ ಬರೆದುಕೊಳ್ಳುತ್ತೀರಾ? ನನಗಂತೂ ಚೀಟಿಯಿಲ್ಲದೆ ಹೊಸ್ತಿಲು ದಾಟಲು ಕಾಲೇ ಬಾರದು. ನಮ್ಮ ತಿರುಮಣಿಯಿಂದ ಪಾವಗಡಕ್ಕೆ ಹೋಗಿಬರುವುದೆಂದರೆ ಒಂದು ಇಡೀ ದಿನದ ಕೆಲಸ. ಮನೆಗೆ ಬಂದಮೇಲೆ "ಅಯ್ಯೋ, ಮಿಕ್ಸಿಯ ಜಾರು ಮರೆತೆ" ಅಂದರೆ ಮುಂದಿನ ಸಲದವರೆಗೆ ಒರಳುಕಲ್ಲೇ ಗತಿ!

ಕಳೆದ ಶುಕ್ರವಾರ ನನ್ನ ಕೈಚೀಲದಲ್ಲಿ ಒಂದಲ್ಲ, ಮೂರು ಚೀಟಿಗಳಿದ್ದವು. ಒಂದು, ಅತ್ತೆಯವರ ಕಣ್ಣಿನದು. ಎರಡನೆಯದು ಮನೆಯ ಸಾಮಾನಿನದು. ಮೂರನೆಯದು ನಮ್ಮ ಸಭೆಯ ಸ್ತ್ರೀಯರ ಕೂಟದ ಪ್ರಾರ್ಥನೆಯ ಪಟ್ಟಿ. ನಮ್ಮೂರಿನ ಕಡೆಯ ನಾಲ್ಕೈದು ಮನೆಗಳಲ್ಲಿ ಯಾರಿಗೆ ಹುಷಾರಿಲ್ಲ, ಯಾರಿಗೆ ಕಷ್ಟ ಅಂತ ವಿಚಾರಿಸಿ ಬರೆದುಕೊಂಡು ಹೋಗಿ ಅಯ್ಯನವರ ಮನೆಯಲ್ಲಿ ಕೊಡುವ ಕೆಲಸ ನನ್ನದು. ಆ ದಿನ ಈ ಮೂರು ಚೀಟಿಗಳು ನನಗೆ ಕಲಿಸಿದ ಪಾಠವನ್ನೇ ಈ ಸಲ ನಿಮಗೆ ಹೇಳೋಣ ಅಂತ ಕೂತಿದ್ದೇನೆ.

ಶುಕ್ರವಾರವೇ ಯಾಕೆ ಅಂದರೆ, ಶನಿವಾರ ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಬರುವ ಜನದಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು, ನಮ್ಮ ಯಜಮಾನರಿಗೂ ಮಗನಿಗೂ ಮುದ್ದೆ, ಹುರುಳಿಕಾಳಿನ ಸಾರು ಮಾಡಿಟ್ಟೆ. ನಮ್ಮಿಬ್ಬರಿಗೆ ಚಿತ್ರಾನ್ನದ ಬುತ್ತಿ ಕಟ್ಟಿದೆ. ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನು ನೀರು ತಂದಿಟ್ಟು ಹೊರಟೆ. ನಮ್ಮ ಕಡೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತಾರೆ. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮಂಡಿ ಬೆನ್ನು ಬಗ್ಗುವುದಿಲ್ಲ. ನಮ್ಮತ್ತೆಯವರ ಮಂಡಿ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. ಒಂದು ಮಾತು ನೆನಪಿಡಿ: ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ.

ಏಳೂವರೆಯ ಬಸ್ಸು ಹತ್ತಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡಿಲ್ಲ. "ಬಸ್ಸಿಗೆ ದುಡ್ಡಿರಲಿಲ್ಲ, ಆಸ್ಪತ್ರೆಗೆ ಹೋಗಲಿಲ್ಲ" ಅನ್ನುವ ನೆಪವೂ ಅಂದಿಗೇ ಹೋಯಿತು ಅನ್ನಿ!

ದಾರಿಯ ಎರಡೂ ಕಡೆ ಸೌರ ಫಲಕಗಳು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ತಿನ ಸೋಲಾರ್ ಪಾರ್ಕ್ ಬಂದಿರುವುದನ್ನು ನೀವೂ ಕೇಳಿರುತ್ತೀರಿ. 2018ರಲ್ಲಿ ಮೊದಲ ಹಂತ ಶುರುವಾಯಿತು. ನಮ್ಮ ಮೂರೂವರೆ ಎಕರೆಯೂ ಅದರೊಳಗೇ ಇದೆ. ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗೊತ್ತಾಗಿತ್ತು. ಅತ್ತೆಯವರು ಕಿಟಕಿಯ ಹತ್ತಿರ ಕೂತು, "ಏನೇ, ಕೆರೆ ತುಂಬಿದಂಗೈತಲ್ಲ?" ಅಂದರು. ಕಣ್ಣಿನ ಪೊರೆಗೆ ಆ ಫಲಕಗಳು ಹಾಗೆ ನೀರಿನಂತೆ ಹೊಳೆದಿವೆ! ನನಗೆ ನಗು ಬಂತು. ಹಿಂದೆಯೇ ಹೊಟ್ಟೆಯಲ್ಲಿ ಏನೋ ಸಂಕಟವೂ ಆಯಿತು. ಅದೇ ಜಾಗದಲ್ಲಿ ಅವರು ಐವತ್ತು ವರ್ಷ ಕಡಲೆಕಾಯಿ ಕಿತ್ತವರು.

ಪಾವಗಡದಲ್ಲಿ ಸ್ವಾಮಿ ಜಪಾನಂದಜೀಯವರ ಶ್ರೀ ರಾಮಕೃಷ್ಣ ಸೇವಾಶ್ರಮದವರು ನಡೆಸುವ ಶ್ರೀ ಶಾರದಾದೇವಿ ಕಣ್ಣಾಸ್ಪತ್ರೆಗೆ ಹೋದೆವು. ಬಡವರ ಕಣ್ಣಿಗೆ ಬೆಳಕು ಕೊಟ್ಟ ಹೆಸರು ಆ ಜಾಗಕ್ಕೆ ಇದೆ. ನಮ್ಮದು ಗಡಿ ಸೀಮೆಯಲ್ಲವೇ, ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ತೆಲುಗಿನಲ್ಲಿ ಮಾತಾಡುತ್ತಿದ್ದರು. ಮಾತು ಯಾವುದಾದರೇನು, ಎಲ್ಲರದೂ ಒಂದೇ ಕಥೆ: "ಸೂಜಿಗೆ ದಾರ ಪೋಣಿಸೋಕಾಗಲ್ಲ, ಅಕ್ಕಿಯಲ್ಲಿ ಕಲ್ಲು ಕಾಣಲ್ಲ."

ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಪಾಪೆ ಅಗಲವಾಗಲು ಹಾಕುವ ಈ ಹನಿಯಿಂದ ಕೆಲವು ಗಂಟೆ ಎಲ್ಲವೂ ಮಂಜಾಗಿ ಕಾಣುತ್ತದೆ. ಆದ್ದರಿಂದ ವಯಸ್ಸಾದವರನ್ನು ಒಬ್ಬರನ್ನೇ ಕಳಿಸಬೇಡಿ. ಹಳೆಯ ಚೀಟಿ, ಹಳೆಯ ಕನ್ನಡಕ, ದಿನವೂ ನುಂಗುವ ಮಾತ್ರೆಗಳ ಪಟ್ಟಿ, ಆಧಾರ್ ಮತ್ತು ರೇಷನ್ ಕಾರ್ಡು ಜೊತೆಗಿರಲಿ. ಪರೀಕ್ಷೆ ಮಾಡಿದ ಡಾಕ್ಟರು, "ಬಲಗಣ್ಣಿನ ಪೊರೆ ಚೆನ್ನಾಗಿ ಬಲಿತಿದೆ, ಮೊದಲು ಅದನ್ನು ತೆಗೆಯೋಣ" ಅಂದು, ಸುಗ್ಗಿ ಹಬ್ಬ ಕಳೆದ ಮಂಗಳವಾರಕ್ಕೆ ದಿನ ಕೊಟ್ಟರು. ಆಪರೇಷನ್ ಆದಮೇಲೆ ಕೆಲವು ವಾರ ಹೇಳಿದ ಹೊತ್ತಿಗೆ ಹನಿ ಹಾಕಬೇಕು, ಕಣ್ಣು ಉಜ್ಜಬಾರದು, ಭಾರ ಎತ್ತಬಾರದು, ಅವರು ಹೇಳುವವರೆಗೆ ಕಣ್ಣಿಗೆ ನೀರು ಸೋಕಬಾರದು. ಒಲೆಯ ಹೊಗೆಯ ಮುಂದೆ ಕೂರುವುದಂತೂ ಬೇಡವೇ ಬೇಡ.

ಆಪರೇಷನ್‌ಗೆ ಮುಂಚೆ ಬಿ.ಪಿ., ಸಕ್ಕರೆ ನೋಡಬೇಕಲ್ಲ. ನರ್ಸಮ್ಮ ಅತ್ತೆಯವರ ತೋಳಿಗೆ ಪಟ್ಟಿ ಸುತ್ತಿದರು. ಎಪ್ಪತ್ತಾರು ವರ್ಷದ ಅತ್ತೆಯವರದು ಎಲ್ಲ ಸರಿಯಾಗಿಯೇ ಇತ್ತು! ಅವರು ತೋಳು ಬಿಡಿಸಿಕೊಳ್ಳುತ್ತಾ, "ನಮ್ಮ ಸೊಸೆಗೂ ಒಂದಪ ನೋಡವ್ವ, ಎರಡು ತಿಂಗಳಿಂದ ತಲೆ ನೋವು ಅಂತ ಬಟ್ಟೆ ಕಟ್ಕೊಂಡೇ ಮಲಗ್ತಾಳೆ" ಅಂದರು. ನನಗೆ ನಾಚಿಕೆಯಾಯಿತು. "ನನಗೇನು ದಾಡಿ, ಬಿಡಿ. ಹಿಂದೆ ಇನ್ನೂ ಜನ ಕಾಯ್ತಿದ್ದಾರೆ" ಅಂತ ಅತ್ತೆಯವರ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

ಹೀಗೆ ಎಷ್ಟು ಸಲ ನೀವೂ ಎದ್ದು ಬಂದಿದ್ದೀರಿ, ಹೇಳಿ?

ಆಮೇಲೆ ಎರಡನೇ ಚೀಟಿ. ಮಿಕ್ಸಿಯ ಜಾರು ಕೊಟ್ಟು ಬ್ಲೇಡು ಹಾಕಿಸಿದೆ. ಮಗನಿಗೆ ಚಪ್ಪಲಿ, ಯಜಮಾನರ ಹೊಟ್ಟೆಯುರಿಯ ಔಷಧಿ, ಹರಾಜಿಗೆ ಇಡಲು ಹೆಣೆಯುತ್ತಿರುವ ಟೋಪಿಗೆ ಎರಡು ಉಂಡೆ ಉಣ್ಣೆ, ಅತ್ತೆಯವರಿಗೆ ಕಪ್ಪು ಕನ್ನಡಕ. ಬಟ್ಟೆ ಅಂಗಡಿಯ ಮುಂದೆ ಬರುವ ಹೊತ್ತಿಗೆ ಕಣ್ಣು ಕತ್ತಲಿಟ್ಟಂತಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹನಿ ಹಾಕಿಸಿಕೊಂಡ ಅತ್ತೆಯವರೇ ತಡಕಾಡಿ ನೀರಿನ ಬಾಟಲು ತೆಗೆದುಕೊಟ್ಟರು. "ಬಿಸಿಲು ಅಷ್ಟೇ" ಅಂದೆ. ನವೆಂಬರ್ ತಿಂಗಳ ಬಿಸಿಲು! ಅತ್ತೆಯವರು ಏನೂ ಅನ್ನಲಿಲ್ಲ. ಮಂಡಿ ನೋವಿಗೆ ಅಂತ ಮನೆಯಲ್ಲಿರುವ ಮಾತ್ರೆಯನ್ನು ನಾನು ದಿನಕ್ಕೊಂದರಂತೆ ತಲೆನೋವಿಗೆ ನುಂಗುತ್ತಿದ್ದುದು ಅವರಿಗೆ ಗೊತ್ತಿತ್ತು.

ಮೂರನೇ ಚೀಟಿ ಹಿಡಿದು ಅಯ್ಯನವರ ಮನೆಗೆ ಹೋದಾಗ ಮಧ್ಯಾಹ್ನ ಒಂದು ಗಂಟೆ ಮೀರಿತ್ತು. ಅಯ್ಯನವರು ಸಭೆಯ ಕೆಲಸಕ್ಕೆ ಹೊರಗೆ ಹೋಗಿದ್ದರು. ಅಮ್ಮನವರು ನಮ್ಮ ಬುತ್ತಿಗೆ ಮಜ್ಜಿಗೆ ಕೊಟ್ಟು, ತಾವೂ ತಟ್ಟೆ ಹಾಕಿಕೊಂಡು ಕೂತರು. ಊಟದ ಜೊತೆಗೇ ಸಭೆಯ ಸಮಾಚಾರ. ಬರುವ ಭಾನುವಾರ ಸುಗ್ಗಿ ಹಬ್ಬ. ಒಂದು ಮದುವೆಯ ಪ್ರಕಟಣೆ ಎರಡನೇ ವಾರಕ್ಕೆ ಬಂದಿದೆ. ಡಿಸೆಂಬರಿನಲ್ಲಿ ಕ್ಯಾರಲ್ ತಂಡ ನಮ್ಮೂರ ಕಡೆ ಯಾವ ರಾತ್ರಿ ಬರಬೇಕು ಅಂತ ಕೇಳಿದರು.

ಸುಗ್ಗಿ ಹಬ್ಬ ಗೊತ್ತಿಲ್ಲದ ಸೋದರಿಯರಿಗೆ ಒಂದು ಮಾತು. ಬೆಳೆದದ್ದರಲ್ಲಿ ಮೊದಲ ಪಾಲನ್ನು ದೇವರಿಗೆ ತಂದು ಇಡುವ ಹಬ್ಬ ಅದು. ಆರಾಧನೆ ಮುಗಿದಮೇಲೆ ಅಂಗಳದಲ್ಲಿ ಹರಾಜು. ಕುಂಬಳಕಾಯಿ, ಕೋಳಿ, ಬಾಳೆಗೊನೆ, ಕೇಕು, ಏನು ಬೇಕಾದರೂ ಇರುತ್ತದೆ. ಕೂಗಿ ಕೂಗಿ ನಗುತ್ತಾ ಒಂದಕ್ಕೆ ನಾಲ್ಕರಷ್ಟು ಕೊಟ್ಟು ಕೊಳ್ಳುತ್ತಾರೆ, ಹಣ ಸಭೆಯ ಕೆಲಸಕ್ಕೆ ಹೋಗುತ್ತದೆ. ಹಿಂದೆಲ್ಲ ನಾವು ಒಂದು ಮೂಟೆ ಹಸಿ ಕಡಲೆಕಾಯಿ ತರುತ್ತಿದ್ದೆವು. ಈಗ ಹೊಲವಿಲ್ಲ, ನಾನು ಟೋಪಿ ಹೆಣೆಯುತ್ತೇನೆ. ಆದರೂ ಅತ್ತೆಯವರು ಪಟ್ಟು ಹಿಡಿದು, ಹಿತ್ತಲಲ್ಲಿ ಎರಡು ಸಾಲು ಕಡಲೆಕಾಯಿ ಹಾಕಿಸಿದ್ದಾರೆ. ಕೊಂಡು ತಂದದ್ದನ್ನು ಮೊದಲ ಫಲ ಅಂತ ಇಡುವುದು ಅವರಿಗೆ ಒಪ್ಪಿಗೆಯಿಲ್ಲ.

"ಹರಾಜಿನ ಲೆಕ್ಕ ಈ ಸಲ ಯಾರು ಬರೆಯುತ್ತಾರೆ?" ಅಂತ ಕೇಳಿದೆ. ಪ್ರತಿ ವರ್ಷ ನಮ್ಮ ಕೂಟದ ಕಾರ್ಯದರ್ಶಿ ಅಕ್ಕನವರೇ ಬರೆಯುವುದು. ಅಮ್ಮನವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ನಿಮಗೆ ಗೊತ್ತಾಗಲಿಲ್ಲವೇ? ಅವರು ಬೆಂಗಳೂರಿನಲ್ಲಿದ್ದಾರೆ, ಕಿದ್ವಾಯಿ ಆಸ್ಪತ್ರೆಯಲ್ಲಿ" ಅಂದರು.

ಎದೆಯಲ್ಲಿ ಗಂಟು. ಅದು ಅವರ ಕೈಗೆ ತಗುಲಿ ವರ್ಷವೇ ಆಗಿತ್ತಂತೆ. ನೋವಿರಲಿಲ್ಲ, ಆದ್ದರಿಂದ ಏನಲ್ಲ ಅಂದುಕೊಂಡರಂತೆ. ಮೊದಲು ಕ್ರಿಸ್‌ಮಸ್ ಮುಗಿಯಲಿ ಅಂದರು. ಆಮೇಲೆ ಮಗಳ ಬಾಣಂತನ, ಆಮೇಲೆ ಮಾವನವರ ಕಾಯಿಲೆ. ಗಂಡನಿಗೂ ಹೇಳಿರಲಿಲ್ಲ. ಕಂಕುಳಲ್ಲೂ ಊತ ಬಂದು ಕೈ ಎತ್ತಲಾರದೆ ಹೋದಾಗ ಮಗಳೇ ಕಂಡುಹಿಡಿದು ಕರೆದುಕೊಂಡು ಹೋದಳು. ಈಗ ಔಷಧಿ ಕೊಡುತ್ತಿದ್ದಾರೆ, ಆಮೇಲೆ ಆಪರೇಷನ್. "ಮೊದಲೇ ಬಂದಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರಂತೆ" ಅಂದರು ಅಮ್ಮನವರು.

ನನಗೆ ಅನ್ನ ಇಳಿಯಲಿಲ್ಲ. ಕಳೆದ ತಿಂಗಳು ಕೂಟದಲ್ಲಿ ಇದೇ ಅಮ್ಮನವರು ವೆಲ್ಲೂರಿನ ಈಡಾ ಸ್ಕಡರ್ ಅವರ ಕಥೆ ಹೇಳಿದ್ದರು. ನಿಮ್ಮಲ್ಲೂ ಕೆಲವರು ಕೇಳಿರಬಹುದು. ಆಕೆ ಅಮೇರಿಕಾದ ಮಿಷನರಿ ಡಾಕ್ಟರೊಬ್ಬರ ಮಗಳು. ಸುಮಾರು 130 ವರ್ಷಗಳ ಹಿಂದೆ, ತಮಿಳುನಾಡಿನಲ್ಲಿ ಒಂದೇ ರಾತ್ರಿ ಮೂರು ಮನೆಯ ಗಂಡಸರು ಬಂದು, ಹೆರಿಗೆಯಲ್ಲಿ ಒದ್ದಾಡುತ್ತಿರುವ ನಮ್ಮ ಹೆಂಡತಿಯನ್ನು ನೋಡಮ್ಮ ಅಂತ ಆ ಹುಡುಗಿಯನ್ನು ಕರೆದರು. ಆಕೆಗೆ ವೈದ್ಯ ತಿಳಿಯದು. ತಂದೆಯನ್ನು ಕಳಿಸುತ್ತೇನೆ ಅಂದರೆ, ಪರಗಂಡಸು ನಮ್ಮ ಹೆಂಗಸರನ್ನು ನೋಡುವಂತಿಲ್ಲ ಅಂತ ಮೂವರೂ ಹಿಂತಿರುಗಿದರು. ಬೆಳಗಾಗುವ ಹೊತ್ತಿಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಆಕೆ ಅಮೇರಿಕಾಕ್ಕೆ ಹೋಗಿ 1899ರಲ್ಲಿ ಡಾಕ್ಟರಾಗಿ ಬಂದರು. 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಮಂಚದಿಂದ ಶುರುಮಾಡಿದ್ದೇ ಇಂದಿನ ದೊಡ್ಡ ಸಿ.ಎಂ.ಸಿ. ಆಸ್ಪತ್ರೆ. ಆ ದಿನ ಕಥೆ ಕೇಳಿ ನಾವೆಲ್ಲ ಕಣ್ಣೊರೆಸಿಕೊಂಡೆವು. ಕಾರ್ಯದರ್ಶಿ ಅಕ್ಕನವರೂ ನನ್ನ ಪಕ್ಕದಲ್ಲೇ ಕೂತು ಕಣ್ಣೊರೆಸಿಕೊಂಡರು. ಗಂಟು ಆಗಲೂ ಇತ್ತು.

ಅಂದು ಹೆಂಗಸನ್ನು ನೋಡಲು ಹೆಣ್ಣು ಡಾಕ್ಟರಿರಲಿಲ್ಲ. ಇಂದು ಡಾಕ್ಟರಮ್ಮ ಇದ್ದಾರೆ, ಬಸ್ಸು ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಪರೀಕ್ಷೆ ಇದೆ. ನಾವೇ ಹೋಗುವುದಿಲ್ಲ!

ಅಮ್ಮನವರು ಕೈ ತೊಳೆದು ಬಂದು ನನ್ನ ಪ್ರಾರ್ಥನೆಯ ಪಟ್ಟಿ ತೆಗೆದು ನೋಡಿದರು. ಹನ್ನೊಂದು ಹೆಸರುಗಳಿದ್ದವು. "ಇದರಲ್ಲಿ ಹೆಂಗಸರು ಎಷ್ಟು ಜನ, ಎಣಿಸಿ ನೋಡಿ" ಅಂದರು. ಎಣಿಸಿದೆ. ಇಬ್ಬರು. ಒಬ್ಬರು ನಮ್ಮತ್ತೆ, ಇನ್ನೊಬ್ಬರು ಹಾಸಿಗೆ ಹಿಡಿದ ಅಜ್ಜಿ. "ನಮ್ಮ ಕಡೆ ನಲವತ್ತು, ಐವತ್ತು ವರ್ಷದ ಹೆಂಗಸರಿಗೆ ಕಾಯಿಲೆಯೇ ಬರುವುದಿಲ್ಲವೇ? ಅಥವಾ ಹೇಳುವುದಿಲ್ಲವೇ?" ಅಂತ ಕೇಳಿದರು.

ಅದಕ್ಕೆ ನಾನು ಉತ್ತರ ಕೊಡಲಿಲ್ಲ, ಅತ್ತೆಯವರು ಕೊಟ್ಟರು. ಕಪ್ಪು ಕನ್ನಡಕ ಸರಿಮಾಡಿಕೊಂಡು, "ನಡಿಯೇ, ದೊಡ್ಡಾಸ್ಪತ್ರೆಗೆ ಹೋಗಾನ. ನನಗೆ ಕಣ್ಣು ಬಂದು ನೋಡೋ ಹೊತ್ಗೆ ನೀನು ಇರಬೇಕಲ್ಲ" ಅಂದರು. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಅತ್ತೆಯವರು ನನಗೆ ಹೇಳಿದ ಅತಿ ದೊಡ್ಡ ಮಾತು ಅದು.

ಮೂರೂವರೆಯ ಬಸ್ಸು ತಪ್ಪುತ್ತದೆ ಅಂತ ಗೊತ್ತಿದ್ದೂ ಸರ್ಕಾರಿ ಆಸ್ಪತ್ರೆಗೆ ಹೋದೆವು. ಮೂವತ್ತು ವರ್ಷ ದಾಟಿದವರಿಗೆ ಅಲ್ಲಿ ಬಿ.ಪಿ., ಸಕ್ಕರೆ ನೋಡುತ್ತಾರೆ. ಬಾಯಿ, ಎದೆ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಏನಾದರೂ ಇದೆಯೇ ಅಂತಲೂ ಪುಕ್ಕಟೆ ಪರೀಕ್ಷಿಸುವ ಏರ್ಪಾಡಿದೆ. ನನ್ನನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಬಿ.ಪಿ. ನೋಡಿದರು. 170ರ ಮೇಲೆ 104! ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. 166, 102. ರಕ್ತದ ಹಿಮೋಗ್ಲೋಬಿನ್ 9.2. ನಮ್ಮ ವಯಸ್ಸಿನವರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆಯಂತೆ. ಸಕ್ಕರೆ ಸರಿಯಾಗಿತ್ತು. ಒಳಗೆ ಪರದೆಯ ಹಿಂದೆ ಡಾಕ್ಟರಮ್ಮ ಎದೆಯನ್ನೂ ಪರೀಕ್ಷೆ ಮಾಡಿದರು. ಎರಡು ನಿಮಿಷದ ಕೆಲಸ. "ಏನೂ ಇಲ್ಲ, ಧೈರ್ಯವಾಗಿರಿ" ಅಂದಾಗ ನನಗೆ ಅಳು ಬಂದುಬಿಟ್ಟಿತು. ಅಕ್ಕನವರು ಇದೇ ಎರಡು ನಿಮಿಷಕ್ಕಾಗಿ ಒಂದು ವರ್ಷ ಕಾದರಲ್ಲ!

ಡಾಕ್ಟರಮ್ಮ ಹೇಳಿದ್ದನ್ನು ನಿಮಗೂ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ. ಬಿ.ಪಿ. 140/90 ಮುಟ್ಟಿದರೆ ಅಥವಾ ದಾಟಿದರೆ ಹೆಚ್ಚು ಅಂತ ಲೆಕ್ಕ. ಬಹಳ ಜನಕ್ಕೆ ಯಾವ ಗುರುತೂ ಕಾಣದು. ತಲೆನೋವು ಬರಲಿ ಆಮೇಲೆ ನೋಡೋಣ ಅಂತ ಕಾಯುವುದು ಮೂರ್ಖತನ. ನೋವಿನ ಮಾತ್ರೆಗಳನ್ನು ಹೇಳದೆ ಕೇಳದೆ ದಿನವೂ ನುಂಗಿದರೆ ಕೆಲವು ಮಾತ್ರೆಗಳಿಂದ ಬಿ.ಪಿ. ಏರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಬಿ.ಪಿ. ಮಾತ್ರೆ ಶುರುವಾದಮೇಲೆ "ಈಗ ಹುಷಾರಾಗಿದ್ದೀನಿ" ಅಂತ ನಾವೇ ನಿಲ್ಲಿಸಬಾರದು. ಉಪ್ಪು ಇಡೀ ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು. ಕಬ್ಬಿಣದ ಮಾತ್ರೆಯನ್ನಾಗಲಿ ಸೊಪ್ಪಿನ ಸಾರನ್ನಾಗಲಿ ಕಾಫಿ, ಟೀ ಜೊತೆ ತೆಗೆದುಕೊಂಡರೆ ಸಾರ ಮೈಗೆ ಹತ್ತುವುದಿಲ್ಲ. ನಿಂಬೆರಸ ಹಿಂಡಿಕೊಂಡರೆ ಹತ್ತುತ್ತದೆ. ಎದೆಯಲ್ಲಿ ಗಂಟು, ಚರ್ಮ ಗುಳಿ ಬಿದ್ದಂತಾಗುವುದು, ತೊಟ್ಟಿನಿಂದ ರಕ್ತ, ಇವು ಕಂಡರೆ ನೋವಿಲ್ಲದಿದ್ದರೂ ಅದೇ ವಾರ ಹೋಗಿ ತೋರಿಸಿ.

ಬಸ್‌ಸ್ಟ್ಯಾಂಡಿನಲ್ಲಿ ಕತ್ತಲಾಗುತ್ತಾ ಬಂತು. ಯಜಮಾನರ ಫೋನು: "ಎಲ್ಲಿದ್ದೀರಿ? ರಾತ್ರಿ ಊಟಕ್ಕೇನು?" ಬೇರೆ ದಿನವಾಗಿದ್ದರೆ, ಬಂದೆ, ಬಂದೆ, ಬಂದು ಮಾಡ್ತೀನಿ ಅನ್ನುತ್ತಿದ್ದೆ. ಆ ದಿನ, "ನನಗೆ ಬಿ.ಪಿ. 170 ಬಂದಿದೆ. ಅನ್ನಕ್ಕೆ ನೀವೇ ಇಡಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಮನೆಗೆ ಬಂದಾಗ ಅನ್ನ ಸ್ವಲ್ಪ ಮೆತ್ತಗಾಗಿತ್ತು, ನಾಲ್ಕು ಮೊಟ್ಟೆ ಬೆಂದಿದ್ದವು, ಸ್ಟೂಲು ಹಾಕಿ ನನಗೆ ಅಂತ ಒಂದು ತಟ್ಟೆ ಇಟ್ಟಿದ್ದರು. ನಾನು ತಪ್ಪು ತಿಳಿದಿದ್ದೆ ಸೋದರಿಯರೇ. ಅವರು ಕೇಳಲಿಲ್ಲ ಅಂತ ಬೇಸರಪಡುತ್ತಿದ್ದೆ. ನಾನು ಹೇಳಿದ್ದಾದರೂ ಯಾವಾಗ?

ಭಾನುವಾರ ಅತ್ತೆಯವರ ಹಿತ್ತಲ ಕಡಲೆಕಾಯಿ ಎರಡು ಸೇರಿನಷ್ಟು ಆಯಿತು. ಹರಾಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೂಗಿದ್ದು ಅದಕ್ಕೇ. ಲೆಕ್ಕವನ್ನು ನಾನೇ ಬರೆದೆ. ಆ ಪುಸ್ತಕದ ಹಿಂದಿನ ಪುಟಗಳಲ್ಲೆಲ್ಲ ಅಕ್ಕನವರ ದುಂಡನೆಯ ಅಕ್ಷರ. ಅವರು ಬರುವವರೆಗೆ ಮಾತ್ರ ಅಂತ ಅಮ್ಮನವರಿಗೆ ಹೇಳಿದ್ದೇನೆ. ಪ್ರಾರ್ಥನೆಯ ಪಟ್ಟಿಯಲ್ಲಿ ಅಕ್ಕನವರ ಹೆಸರು ಮೇಲೆ ಇದೆ. ಕೊನೆಯಲ್ಲಿ ಹದಿಮೂರನೆಯದಾಗಿ ನನ್ನದೂ ಇದೆ. ಬರೆಯುವಾಗ ಕೈ ಹಿಂಜರಿಯಿತು, ಆದರೂ ಬರೆದೆ. ಆರಾಧನೆ ಮುಗಿದಮೇಲೆ ಮೂವರು ಹೆಂಗಸರು ನನ್ನ ಹತ್ತಿರ ಬಂದು ಮೆಲ್ಲಗೆ, "ನನಗೂ ಒಂದು..." ಅಂತ ಶುರುಮಾಡಿದರು. ಮುಂದಿನ ಗುರುವಾರ ನಾವು ನಾಲ್ವರೂ ಒಂದೇ ಬಸ್ಸಿಗೆ ಹೋಗುತ್ತಿದ್ದೇವೆ.

ಕೊನೆಗೆ, ಉಪ್ಪು ಕಡಿಮೆಯಾದರೆ ಬಾಯಿ ಸಪ್ಪೆ ಅನ್ನುವವರಿಗೆ ನಮ್ಮ ಕಡೆಯ ಒಂದು ಪುಡಿ. ಒಂದು ಬಟ್ಟಲು ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಆರು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕರಿಬೇವು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಇಷ್ಟನ್ನೂ ಬೇರೆ ಬೇರೆಯಾಗಿ ಬೆಚ್ಚಗೆ ಮಾಡಿಕೊಳ್ಳಿ. ಎಂಟು ಎಸಳು ಬೆಳ್ಳುಳ್ಳಿ, ಕಾಲು ಟೀ ಚಮಚ ಉಪ್ಪು ಸೇರಿಸಿ ತರಿತರಿಯಾಗಿ ಪುಡಿಮಾಡಿ. ಹುಳಿಯೂ ಬೆಳ್ಳುಳ್ಳಿಯೂ ಇರುವುದರಿಂದ ಉಪ್ಪಿನ ಕೊರತೆ ನಾಲಿಗೆಗೆ ಗೊತ್ತಾಗದು. ರಾಗಿ ರೊಟ್ಟಿಗೆ ಬಹಳ ರುಚಿ. ನಮ್ಮ ಯಜಮಾನರು ಇನ್ನೂ ಕಂಡುಹಿಡಿದಿಲ್ಲ!

ಅತ್ತೆಯವರ ಕಣ್ಣಿನ ಸಮಾಚಾರ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಅಷ್ಟರೊಳಗೆ ನೀವು ಪೇಟೆಗೆ ಹೋಗುವವರಿದ್ದರೆ, ಚೀಟಿ ಬರೆಯುವಾಗ ಸಾಮಾನಿನ ಮೇಲೆ ಮೊದಲ ಸಾಲಿನಲ್ಲೇ ನಿಮ್ಮ ಹೆಸರು ಬರೆದುಕೊಳ್ಳಿ. ಕೆಳಗೆ ಬರೆದರೆ ಅದು ಮುಂದಿನ ವಾರಕ್ಕೆ ಹೋಗುತ್ತದೆ. ನನಗೆ ಚೆನ್ನಾಗಿ ಗೊತ್ತು.